ಸೇಂಟ್ ಆಂಡ್ರೂಸಿನ ಹಳೆಯ ಬಯಲು

ಗಾಲ್ಫ್ ಎಂದೊಡನೆ ನಮ್ಮ ವಾಚಕರಲ್ಲಿ ಬಹುಮಂದಿಗೆ ಬೇಲಿ ಹಾಕಿದ ಹುಲ್ಲುಗಾವಲೂ, ಬಾಗಿಲಲ್ಲಿ ನಿಂತ ಕಾವಲುಗಾರನೂ ನೆನಪಿಗೆ ಬರುವುದು ಸಹಜ. ನಮ್ಮ ದೇಶಕ್ಕೆ ಈ ಆಟವು ಬಂದುದೇ ಆಳುವವರ ವಿನೋದವಾಗಿ. ಕಲ್ಕತ್ತೆಯಲ್ಲಿ 1829ರಲ್ಲಿಯೂ ಬೆಂಗಳೂರಿನಲ್ಲಿ 1876ರಲ್ಲಿಯೂ ಬ್ರಿಟಿಷರು ಇದಕ್ಕಾಗಿ ಸಂಘಗಳನ್ನು ಸ್ಥಾಪಿಸಿದರು. ಆದರೆ ಈ ಆಟದ ತವರೆನಿಸಿದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನಲ್ಲಿ ಆಟದ ನೆಲವು ಇಂದಿಗೂ ಸಾರ್ವಜನಿಕರದು. ಅದು ಹೇಗೆ ಉಳಿಯಿತೆಂಬುದನ್ನು ಈ ತಿಂಗಳು ಹೇಳಬೇಕೆಂದಿರುವೆವು. ನಮ್ಮ ಊರುಗಳ ಗೋಮಾಳಗಳ ಗತಿಯನ್ನು ಕಂಡವರಿಗೆ ಇದರ ಬೆಲೆ ತಿಳಿಯದಿರದು.

ಕಡಲಿಗೂ ಉಳುವ ಹೊಲಗಳಿಗೂ ನಡುವೆ, ಮರಳ ದಿಬ್ಬಗಳ ಮೇಲೆ ಗಿಡ್ಡ ಹುಲ್ಲು ಬೆಳೆದಿರುವ ನೆಲವನ್ನು ಆ ನಾಡಿನವರು ಲಿಂಕ್ಸ್ ಎನ್ನುವರು. ಅದು ಬೇಸಾಯಕ್ಕೆ ಒದಗದ ನೆಲ. ಅಲ್ಲಿ ಊರವರು ಕುರಿ ಮೇಯಿಸುತ್ತಿದ್ದರು, ಬಟ್ಟೆಗಳನ್ನು ಹರವಿ ಒಣಗಿಸುತ್ತಿದ್ದರು. ಬಿಡುವಿನಲ್ಲಿ ದಾಂಡಿನಿಂದ ಚೆಂಡನ್ನು ಹೊಡೆದು ಕುಳಿಗೆ ಬೀಳಿಸುತ್ತಿದ್ದರು. ಜನರು ಬಿಲ್ಲುವಿದ್ಯೆಯನ್ನು ಮರೆತು ಈ ಆಟಕ್ಕೆ ಮರುಳಾದರೆಂದು 1457ರಲ್ಲಿ ದೊರೆ ಎರಡನೆಯ ಜೇಮ್ಸನ ಕಾಲದ ಪಾರ್ಲಿಮೆಂಟು ಇದನ್ನು ನಿಷೇಧಿಸಿತು. ಆಟವು ಮಾತ್ರ ನಿಲ್ಲಲಿಲ್ಲ. 1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ನನು ಬರೆದುಕೊಟ್ಟ ಪತ್ರದಲ್ಲಿ, ಈ ಬಯಲಿನಲ್ಲಿ ಗಾಲ್ಫ್ ಆಡುವ ಹಕ್ಕು ಊರವರಿಗೆ ಉಂಟೆಂದು ಒಪ್ಪಿದನು.

1754ರಲ್ಲಿ ಇಪ್ಪತ್ತೆರಡು ಮಂದಿ ಗಣ್ಯರು ಸೇರಿ ಒಂದು ಸಂಘವನ್ನು ಕಟ್ಟಿದರು. 1834ರಲ್ಲಿ ದೊರೆ ನಾಲ್ಕನೆಯ ವಿಲಿಯಮನ ಆಶ್ರಯವನ್ನು ಪಡೆದು ಅದು ‘ರಾಯಲ್ ಅಂಡ್ ಏನ್ಷಂಟ್’ ಎಂಬ ಹೆಸರನ್ನು ತಳೆಯಿತು. ಇಷ್ಟರೊಳಗೆ ಬಯಲಿಗೆ ಗಂಡಾಂತರವೊಂದು ಬಂದು ಹೋಗಿತ್ತು. ಸಾಲದಲ್ಲಿ ಮುಳುಗಿದ ಪುರಸಭೆಯು 1797ರಲ್ಲಿ ಬಯಲನ್ನೇ ಮಾರಿತು. ಎರಡು ವರ್ಷಗಳಲ್ಲಿ ಅದು ಮೊಲ ಸಾಕುವ ವ್ಯಾಪಾರಿಗಳ ಪಾಲಾಯಿತು. ಮೊಲಗಳು ನೆಲವನ್ನೆಲ್ಲ ತೋಡಿ ಬಿಲಮಾಡಿದವು. ಆಟಗಾರರಿಗೂ ವ್ಯಾಪಾರಿಗಳಿಗೂ ವರುಷಗಟ್ಟಲೆ ವ್ಯಾಜ್ಯ ನಡೆಯಿತು. ಕಡೆಗೆ 1821ರಲ್ಲಿ, ನೆರೆಯ ಜಮೀನುದಾರನೂ ಗಾಲ್ಫ್ ಪ್ರಿಯನೂ ಆದ ಜೇಮ್ಸ್ ಚೀಪ್ ಎಂಬಾತನು ನೆಲವನ್ನು ಕೊಂಡು ಆಟಕ್ಕೆ ಉಳಿಸಿಕೊಟ್ಟನು. 1894ರಲ್ಲಿ ಪಾರ್ಲಿಮೆಂಟಿನ ಶಾಸನದ ಮೂಲಕ ಅದು ಮತ್ತೆ ಊರಿನ ಕೈಸೇರಿತು. 1974ರಿಂದ ಧರ್ಮದರ್ಶಿ ಮಂಡಲಿಯೊಂದು ಅದನ್ನು ನೋಡಿಕೊಳ್ಳುತ್ತಿದೆ. ಹೆಸರಾಂತ ಸಂಘವು ಬಯಲಿನ ಒಡೆಯನಲ್ಲ, ಅಲ್ಲಿ ಆಡುವವರಲ್ಲಿ ಒಬ್ಬನಷ್ಟೆ.

ಇನ್ನು ಬಯಲಿನ ರಚನೆ. ಇದನ್ನು ಯಾವ ಶಿಲ್ಪಿಯೂ ಮೊದಲಿನಿಂದ ಕಡೆಯವರೆಗೆ ಯೋಚಿಸಿ ನಿರ್ಮಿಸಲಿಲ್ಲ. ಗಾಳಿ, ಮರಳು, ಕುರಿಗಳು ಕೂಡಿ ಮಾಡಿದುದನ್ನು ಮನುಷ್ಯನು ತಿದ್ದಿದನು. ಮೊದಲು ಕುಳಿಗಳ ಸಾಲಿನಲ್ಲಿ ಕಡಲಂಚಿನ ಕಡೆಗೆ ಆಡುತ್ತ ಹೋಗಿ, ಅವೇ ಕುಳಿಗಳಿಗೆ ಆಡುತ್ತ ಹಿಂದಿರುಗುವರು. ಹೀಗೆ ಇಪ್ಪತ್ತೆರಡು ಆಟಗಳಾಗುತ್ತಿದ್ದವು. 1764ರಲ್ಲಿ ಗಿಡ್ಡವಾಗಿದ್ದ ಮೊದಲ ನಾಲ್ಕನ್ನು ಎರಡು ಮಾಡಿದರು. ಹೋಗುವಾಗ ಎರಡು, ಬರುವಾಗ ಎರಡು ಕಡಮೆಯಾಗಿ ಹದಿನೆಂಟು ಉಳಿದವು. ಲೋಕವೆಲ್ಲ ಇಂದು ಹದಿನೆಂಟು ಕುಳಿಗಳನ್ನು ಆಡುವುದಕ್ಕೆ ಇದೇ ಮೂಲ. ಜನಸಂದಣಿ ಹೆಚ್ಚಿದಂತೆ ಹಸುರು ಹಾಸುಗಳನ್ನು ಅಗಲಿಸಿ ಎರಡೆರಡು ಕುಳಿ ತೋಡಿದರು. ಅಂಥ ಜೋಡಿ ಹಾಸುಗಳು ಏಳು. ಅವುಗಳಲ್ಲಿ ಒಂದು ಚಮತ್ಕಾರವುಂಟು: ಎರಡನೆಯದಕ್ಕೆ ಹದಿನಾರನೆಯದು, ಮೂರನೆಯದಕ್ಕೆ ಹದಿನೈದನೆಯದು ಜೊತೆ, ಯಾವ ಜೋಡಿಯನ್ನು ಕೂಡಿದರೂ ಹದಿನೆಂಟೇ. ನೂರಕ್ಕೆ ಮಿಕ್ಕ ಮರಳುಗುಂಡಿಗಳಿರುವುವು. ಹದಿನಾಲ್ಕನೆಯ ಆಟದ ದಾರಿಯಲ್ಲಿರುವ ಹೆಗ್ಗುಂಡಿಗೆ ನರಕವೆಂದೇ ಹೆಸರು. ಅದನ್ನು ದಾಟಿ ಬಂದವನಿಗೆ ಕಡೆಯ ಹಾಸಿನ ಮುಂದೆ ‘ಪಾಪದ ಕಣಿವೆ’ ಕಾದಿರುವುದು! ಅದಕ್ಕೆ ಮೊದಲು ಸ್ವಿಲ್ಕನ್ ಹಳ್ಳದ ಪುಟ್ಟ ಕಲ್ಲುಸೇತುವೆಯನ್ನು ಹಾಯಬೇಕು.

ಆಡಲು ಸಂಘದ ಸದಸ್ಯತ್ವವು ಬೇಕಿಲ್ಲ. ಶುಲ್ಕವೇನೋ ಹಗುರವಲ್ಲ; ಆದರೆ ಹೊರಗಿನವನೂ ಹೆಸರು ಬರೆಯಿಸಿ, ಚೀಟಿ ಎತ್ತಿದಾಗ ಬಂದರೆ ಆಡಬಹುದು. ಭಾನುವಾರ ಸಾಮಾನ್ಯವಾಗಿ ಆಟವೇ ಇಲ್ಲ. ಅಂದು ಮುದುಕರು, ತಾಯಂದಿರು, ಮಕ್ಕಳು, ನಾಯಿಗಳು, ಎಲ್ಲರಿಗೂ ಅದು ವಿಹಾರದ ಬಯಲು. ನೆಲಕ್ಕೂ ವಾರಕ್ಕೊಮ್ಮೆ ವಿಶ್ರಾಂತಿ.

ಒಮ್ಮೆ ಮಾರಿದ ಊರಬಯಲು ಹಿಂದಿರುಗಲು ಸೇಂಟ್ ಆಂಡ್ರೂಸಿನವರಿಗೆ ತೊಂಬತ್ತೇಳು ವರ್ಷ ಹಿಡಿಯಿತು. ಅದೂ ಹಳೆಯ ಹಕ್ಕನ್ನು ಜನರು ಮರೆಯದಿದ್ದುದರಿಂದ. ನಮ್ಮ ಕೆರೆಯಂಗಳ, ಗೋಮಾಳ, ಮಕ್ಕಳ ಆಟದ ಬಯಲುಗಳ ಕಾಗದಪತ್ರಗಳು ಎಲ್ಲಿವೆಯೆಂದು ನಮ್ಮ ಗೃಹಸ್ಥರು ಒಮ್ಮೆ ವಿಚಾರಿಸುವುದು ಲೇಸು.