ಸೈಲೆನ್ಸರ್ ಒಬ್ಬನದು, ಸದ್ದು ಊರಿನದು

ನೀರು, ಕಾಡು ಮತ್ತು ನೆಲಕ್ಕೆ ಪರಿಸರ ಚಳವಳಿಯಲ್ಲಿ ದೊರೆತ ಸ್ಥಾನವು ಶಬ್ದಕ್ಕೆ ಇನ್ನೂ ದೊರೆತಿಲ್ಲ. ತುಂಗಭದ್ರೆ ಕಾರ್ಖಾನೆಯ ಕೊಳಚೆಯಿಂದ ಮಲಿನವಾದಾಗ ಧಾರವಾಡದ ಸಮಾಜ ಪರಿವರ್ತನ ಸಮುದಾಯ ದನಿಯೆತ್ತಿತು. 1987ರ ನವೆಂಬರಿನಲ್ಲಿ ಕುಸನೂರಿನ ಜನ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಾಡಿನ ಗಮನ ಸೆಳೆಯಿತು. ಸತ್ತ ಮೀನು ಕಣ್ಣಿಗೆ ಕಾಣುತ್ತದೆ. ಬೋಳಾದ ಗುಡ್ಡವೂ ಕಾಣುತ್ತದೆ. ಸದ್ದು ಮಾತ್ರ ಕಾಣುವುದಿಲ್ಲ. ರಾತ್ರಿ ನಿದ್ದೆ ಕೆಡಿಸಿದ ಗಾಡಿ ಬೆಳಗಾಗುವಷ್ಟರಲ್ಲಿ ಕುರುಹೂ ಉಳಿಸದೆ ಹೋಗಿಬಿಟ್ಟಿರುತ್ತದೆ. ಆದ್ದರಿಂದಲೇ ಇದರ ವಿಚಾರಣೆ ದಾರಿಯಲ್ಲಿ ಅಲ್ಲ, ಗ್ಯಾರೇಜಿನಲ್ಲಿ ನಡೆಯಬೇಕಾಗಿದೆ.

ಘಟ್ಟದ ಅಂಚಿನ ಊರುಗಳಲ್ಲಿ ಪಿಕಪ್ ಗಾಡಿ ಇಂದು ಎತ್ತಿನ ಬಂಡಿಯ ಸ್ಥಾನವನ್ನು ಪಡೆದಿದೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಸಣ್ಣ ಸರಕು ಗಾಡಿಗಳು ಹಳ್ಳಿಹಳ್ಳಿಗೂ ತಲುಪಿದವು. ಬೊಲೆರೊದಂತಹ ಹೆಚ್ಚು ಭಾರ ಹೊರುವ ಪಿಕಪ್‌ಗಳೂ ಜೊತೆಗೂಡಿದವು. ಯಲ್ಲಾಪುರ, ಮುಂಡಗೋಡ, ಹಳಿಯಾಳ, ಕಲಘಟಗಿ ಕಡೆಯ ಶುಂಠಿ, ಬಾಳೆ, ತರಕಾರಿಗಳು ಹೊತ್ತು ಮೂಡುವಾಗ ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಸೇರಬೇಕಾದರೆ ಗಾಡಿ ನಸುಕಿಗೆ ಮುನ್ನವೇ ಊರು ಬಿಡಬೇಕು. ಈ ಗಾಡಿಗಳಿಲ್ಲದೆ ರೈತನ ಬದುಕು ಸಾಗದು. ಆಕ್ಷೇಪವಿರುವುದು ಗಾಡಿಯ ಮೇಲಲ್ಲ, ಅದರ ಕೆಳಗೆ ತೂಗುವ ಒಡಕು ಕೊಳವೆಯ ಮೇಲೆ.

ಸೈಲೆನ್ಸರ್ ತೂತಾದಾಗ ಮಾಲೀಕನು ಹುಬ್ಬಳ್ಳಿಯ ಯಾವುದಾದರೊಂದು ಗ್ಯಾರೇಜಿಗೆ ಹೋಗುತ್ತಾನೆ. ಅವನ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ. ತೂತಿನ ಮೇಲೆ ತಗಡಿನ ತೇಪೆಯಿಟ್ಟು ವೆಲ್ಡಿಂಗ್ ಮಾಡಿಸುವುದು ಒಂದು. ಒಳಗೆ ಹೆಚ್ಚೇನೂ ಇಲ್ಲದ ಅಗ್ಗದ ಡಬ್ಬಿಯನ್ನು ಕೂರಿಸುವುದು ಇನ್ನೊಂದು. ಮೂಲ ವಿನ್ಯಾಸಕ್ಕೆ ಸರಿಹೊಂದುವ, ಬಾಳಿಕೆ ಬರುವ ಸ್ಟೇನ್‌ಲೆಸ್ ಸ್ಟೀಲಿನ ಸೈಲೆನ್ಸರ್ ಹಾಕಿಸುವುದು ಮೂರನೆಯದು. ಹಣ ಕೊಡುವವನು ಅವನೊಬ್ಬನೇ. ಆದರೆ ಮೊದಲ ಎರಡು ದಾರಿಗಳಲ್ಲಿ ಉಳಿದ ಹಣದ ಬೆಲೆಯನ್ನು ರಸ್ತೆಯ ಇಕ್ಕೆಲದ ಜನ ತಮ್ಮ ನಿದ್ದೆಯಿಂದ ತೆರುತ್ತಾರೆ. ಮೂರನೆಯ ದಾರಿಯನ್ನೇ ಹಿಡಿಯಬೇಕೆಂಬ ವಾದಕ್ಕೆ ಇದೇ ತಳಹದಿ.

ಶಬ್ದವನ್ನು ಅಳೆಯುವ ಮಾನ ಡೆಸಿಬಲ್. ಇದು ಸೇರು-ಕಿಲೋಗಳ ಲೆಕ್ಕದಂತಲ್ಲ. 10 ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ. ಅಂದರೆ ಸೈಲೆನ್ಸರ್ ಕೆಟ್ಟು ಗಾಡಿಯೊಂದರ ಸದ್ದು 10 ಡೆಸಿಬಲ್ ಹೆಚ್ಚಿತೆಂದರೆ, ಸುಸ್ಥಿತಿಯ ಹತ್ತು ಗಾಡಿಗಳು ಒಟ್ಟಿಗೆ ಹೊರಡಿಸುವ ಶಬ್ದಶಕ್ತಿಯನ್ನು ಅದೊಂದೇ ಹೊರಡಿಸುತ್ತದೆ. ಊರಿನ ಒಂಬತ್ತು ಮಂದಿ ಮಾಲೀಕರ ಜವಾಬ್ದಾರಿಯನ್ನು ಹತ್ತನೆಯವನ ಉದಾಸೀನವು ನೀರುಪಾಲು ಮಾಡಬಲ್ಲದು.

ಗುಡ್ಡಗಾಡಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅರಬೈಲು ಘಟ್ಟದಂತಹ ಏರಿನಲ್ಲಿ ಭಾರ ಹೊತ್ತ ಗಾಡಿ ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ಪೂರ್ಣ ಬಲದಿಂದ ಬಹುಹೊತ್ತು ತೆವಳುತ್ತದೆ. ಪೇಟೆಯ ಗದ್ದಲದಲ್ಲಿ ಮುಚ್ಚಿಹೋಗುವ ಸದ್ದು ಕಣಿವೆಯ ನಿಶ್ಶಬ್ದದಲ್ಲಿ ಎದ್ದು ಕೇಳಿಸುತ್ತದೆ. ಇರುಳಿನಲ್ಲಿ ನೆಲದ ಬಳಿಯ ಗಾಳಿ ತಂಪಾಗಿ ಮೇಲಿನ ಗಾಳಿ ಬೆಚ್ಚಗಿದ್ದಾಗ ಸದ್ದಿನ ಅಲೆಗಳು ಮೇಲೇರಿ ಚದುರದೆ ನೆಲದತ್ತ ಬಾಗುತ್ತವೆ. ದೂರದ ರಸ್ತೆಯ ಗಾಡಿ ನಸುಕಿನಲ್ಲಿ ಮನೆಯ ಅಂಗಳದಲ್ಲೇ ನಿಂತಂತೆ ಕೇಳಿಸುವುದಕ್ಕೆ ಇದೂ ಒಂದು ಕಾರಣ.

ಸೈಲೆನ್ಸರ್ ಇಷ್ಟು ಬೇಗ ಕೆಡುವುದೇಕೆ? ಹಲವರು ಮಳೆ ಮತ್ತು ಕೆಸರನ್ನು ದೂರುತ್ತಾರೆ. ಅದು ಅರ್ಧ ಸತ್ಯ. ಡೀಸೆಲ್ ಉರಿದಾಗ ಹೊಗೆಯ ಜೊತೆಗೆ ನೀರಿನ ಆವಿಯೂ ಹುಟ್ಟುತ್ತದೆ. ಒಂದು ಲೀಟರ್ ಡೀಸೆಲಿನಿಂದ ಸರಿಸುಮಾರು ಅಷ್ಟೇ ನೀರು. ದೂರದ ಪ್ರಯಾಣದಲ್ಲಿ ಕೊಳವೆ ಚೆನ್ನಾಗಿ ಕಾದು ಆವಿ ಹೊರಹೋಗುತ್ತದೆ. ಹೊಲದಿಂದ ಮನೆಗೆ, ಮನೆಯಿಂದ ಡೇರಿಗೆ ಎಂಬಂತಹ ಚಿಕ್ಕ ಓಡಾಟಗಳಲ್ಲಿ ಅದು ಒಳಗೇ ನೀರಾಗಿ ನಿಂತು, ಹೊಗೆಯಲ್ಲಿನ ಆಮ್ಲಾಂಶವನ್ನು ಹೀರಿ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನ ಅಡ್ಡತಗಡುಗಳು ಉದುರಿರುತ್ತವೆ.

ಸ್ಟೇನ್‌ಲೆಸ್ ಸ್ಟೀಲಿನ ಪ್ರಯೋಜನ ಇಲ್ಲಿದೆ. ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಲೋಹದ ಮೇಲೆ ಕಣ್ಣಿಗೆ ಕಾಣದ ತೆಳುಪದರವನ್ನು ಕಟ್ಟುತ್ತದೆ. ಗೀರು ಬಿದ್ದರೆ ಆ ಪದರ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ವಾಹನ ತಯಾರಕರು ಹೆಚ್ಚಾಗಿ ಬಳಸುವ 409 ದರ್ಜೆಯಲ್ಲಿ ಕ್ರೋಮಿಯಂ ಸುಮಾರು ನೂರಕ್ಕೆ 11ರಷ್ಟಿರುತ್ತದೆ. ಅಡುಗೆಮನೆಯ ಪಾತ್ರೆಗಳಿಗೂ ಬಳಕೆಯಾಗುವ 304 ದರ್ಜೆಯಲ್ಲಿ ಕ್ರೋಮಿಯಂ ಸುಮಾರು 18, ನಿಕಲ್ ಸುಮಾರು 8. ಎರಡನೆಯದು ತುಕ್ಕನ್ನು ಹೆಚ್ಚು ತಡೆಯುತ್ತದೆ, ಬೆಲೆಯೂ ಹೆಚ್ಚು. ಅಯಸ್ಕಾಂತ ಅಂಟಿದರೆ ಅದು ಸ್ಟೀಲೇ ಅಲ್ಲವೆಂಬ ನಂಬಿಕೆ ಸಂತೆಪೇಟೆಗಳಲ್ಲಿದೆ. ಇದು ತಪ್ಪು. 409 ದರ್ಜೆಗೆ ಅಯಸ್ಕಾಂತ ಅಂಟುತ್ತದೆ, ಆದರೂ ಅದು ಸ್ಟೇನ್‌ಲೆಸ್ಸೇ. ಆದ್ದರಿಂದ ಅಯಸ್ಕಾಂತಕ್ಕಿಂತ ಬಿಲ್ಲಿನ ಮೇಲೆ ಬರೆಸಿಕೊಂಡ ದರ್ಜೆಯ ಅಂಕಿಯೇ ಹೆಚ್ಚು ನಂಬಿಕೆಗೆ ಅರ್ಹ.

ಆದರೆ ಲೋಹವು ಬಾಳಿಕೆಯನ್ನು ಕೊಡುತ್ತದೆಯೇ ಹೊರತು ಮೌನವನ್ನಲ್ಲ. ಮೌನವನ್ನು ಕೊಡುವುದು ಒಳಗಿನ ರಚನೆ. ಒಳ್ಳೆಯ ಸೈಲೆನ್ಸರಿನಲ್ಲಿ ಕೋಣೆಗಳು, ಅಡ್ಡತಗಡುಗಳು, ರಂಧ್ರಗಳುಳ್ಳ ಕೊಳವೆಗಳು ಇರುತ್ತವೆ. ಸದ್ದಿನ ಅಲೆಗಳು ಅಲ್ಲಿ ಒಂದಕ್ಕೊಂದು ಬಡಿದು ತಮ್ಮನ್ನು ತಾವೇ ಕುಗ್ಗಿಸಿಕೊಳ್ಳುತ್ತವೆ. ಕೆಲವದರಲ್ಲಿ ಸದ್ದು ಹೀರುವ ನಾರಿನ ತುಂಬುವಿಕೆಯೂ ಇರುತ್ತದೆ. ಇವಾವುವೂ ಇಲ್ಲದ ನೇರ ಕೊಳವೆಯನ್ನು ಎಷ್ಟೇ ಉತ್ತಮ ಸ್ಟೀಲಿನಲ್ಲಿ ಮಾಡಿದರೂ ಅದು ಬಾಳಿಕೆ ಬರುವ ಕಿರುಕುಳವಾದೀತು, ಅಷ್ಟೆ.

ಸದ್ದು ಹೆಚ್ಚಿದಷ್ಟೂ ಗಾಡಿಗೆ ಬಲ ಹೆಚ್ಚೆಂಬ ಭ್ರಮೆ ಯುವಕರಲ್ಲಿ ಬೇರೂರಿದೆ. ಹೊಗೆ ಕಟ್ಟಿಕೊಂಡ ಸೈಲೆನ್ಸರ್ ಬಲ ಕುಗ್ಗಿಸುವುದು ನಿಜ. ಆದರೆ ಆ ಎಂಜಿನ್ನಿಗೆಂದೇ ಸರಿಯಾದ ಅಳತೆಯಲ್ಲಿ ಮಾಡಿದ ಸೈಲೆನ್ಸರ್ ಹೊಗೆಗೆ ದಾರಿ ಬಿಟ್ಟು ಸದ್ದನ್ನಷ್ಟೇ ತಡೆಯುತ್ತದೆ. ಕಿವಿಗೆ ಬಿದ್ದ ಅಬ್ಬರವೇ ಬಲವಾಗಿದ್ದರೆ ಬರಿದಾದ ಡಬ್ಬಿ ಬೆಟ್ಟವನ್ನೇ ಎಳೆಯಬೇಕಿತ್ತು.

ಕೊಳ್ಳುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಗಾಡಿಯ ಮಾದರಿ ಮತ್ತು ತಯಾರಾದ ವರ್ಷಕ್ಕೆ ಸೈಲೆನ್ಸರ್ ಹೊಂದುತ್ತದೆಯೇ ಎಂದು ಕೇಳಬೇಕು. ಕೊಳವೆಯ ವ್ಯಾಸ ಮತ್ತು ಡಬ್ಬಿಯ ಗಾತ್ರವನ್ನು ಹಳೆಯದರೊಡನೆ ಹೋಲಿಸಬೇಕು. ಒಂದು ತುದಿಯಿಂದ ನೋಡಿದರೆ ಇನ್ನೊಂದು ತುದಿಯ ಬೆಳಕು ನೇರವಾಗಿ ಕಂಡರೆ ಒಳಗೆ ಅಡ್ಡತಗಡುಗಳಿಲ್ಲವೆಂದೇ ಸಂಶಯಪಡಬೇಕು. ಸ್ಟೇನ್‌ಲೆಸ್ಸನ್ನು ಅದಕ್ಕೆ ತಕ್ಕ ತಂತಿಯಿಂದಲೇ ವೆಲ್ಡಿಂಗ್ ಮಾಡಿಸಬೇಕು. ಸಾಮಾನ್ಯ ಕಡ್ಡಿಯಿಂದ ಮಾಡಿದ ಬೆಸುಗೆ ಮೊದಲು ತುಕ್ಕು ಹಿಡಿಯುತ್ತದೆ. ಗ್ಯಾಸ್ಕೆಟ್, ಕ್ಲ್ಯಾಂಪ್, ತೂಗುರಬ್ಬರುಗಳನ್ನು ಜೊತೆಗೇ ಬದಲಿಸಬೇಕು. ಸಂದಿನಲ್ಲಿ ಸೋರಿಕೆಯಿದ್ದರೆ ಹೊಸ ಸೈಲೆನ್ಸರೂ ಅಬ್ಬರಿಸುತ್ತದೆ. ವಾಸನೆಯಿಲ್ಲದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಚಾಲಕನ ಕೋಣೆಗೆ ನುಗ್ಗುವ ಅಪಾಯವೂ ಇದೆ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆ ಶುದ್ಧಗೊಳಿಸುವ ಸಾಧನಗಳು ಮತ್ತು ಸೆನ್ಸರುಗಳು ಇದೇ ಕೊಳವೆಯ ಸಾಲಿನಲ್ಲಿರುತ್ತವೆ. ಅವನ್ನು ಯಾವ ಕಾರಣಕ್ಕೂ ಕತ್ತರಿಸಿ ತೆಗೆಸಬಾರದು.

ಕಾನೂನಿಗೆ ಈ ವಿಷಯ ಹೊಸದಲ್ಲ. ಪ್ರತಿಯೊಂದು ವಾಹನಕ್ಕೂ ಸೈಲೆನ್ಸರ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್ ಮಿತಿಯನ್ನು ವಿಧಿಸಿದವು. ನೆಮ್ಮದಿಯಿಂದ, ಗದ್ದಲವಿಲ್ಲದೆ ಬಾಳುವುದು ಜೀವಿಸುವ ಹಕ್ಕಿನ ಭಾಗವೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2005ರ ಜುಲೈ 18ರ ತೀರ್ಪಿನಲ್ಲಿ ಎತ್ತಿಹಿಡಿಯಿತು. ವಾಹನದ ಶಬ್ದ ಮತ್ತು ಹೊಗೆಯ ಮಾನದಂಡ ಮೀರಿದವರಿಗೆ ಮೊದಲ ಅಪರಾಧಕ್ಕೇ ಹತ್ತು ಸಾವಿರ ರೂಪಾಯಿವರೆಗೆ ದಂಡ ವಿಧಿಸಲು 2019ರ ತಿದ್ದುಪಡಿ ಅವಕಾಶ ಕೊಟ್ಟಿತು. ನಗರಗಳಲ್ಲಿ ಪೊಲೀಸರು ಬೈಕುಗಳ ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ಹಾಸಿ ರೋಡ್ ರೋಲರ್ ಹರಿಸುವ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಆದರೆ ಘಟ್ಟದ ತಿರುವಿನಲ್ಲಿ ನಸುಕಿನ ಮೂರು ಗಂಟೆಗೆ ಯಾವ ಪೊಲೀಸನೂ ನಿಂತಿರುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಊರಿನ ವಿವೇಕ ಮಾತ್ರ.

ಬಾಡಿಗೆಯ ದುಡಿಮೆಯಲ್ಲಿ ಸಾಲದ ಕಂತು ಕಟ್ಟುವ ಮಾಲೀಕನಿಗೆ ದುಬಾರಿ ಸ್ಟೀಲಿನ ಉಪದೇಶ ಮಾಡುವುದು ನ್ಯಾಯವೇ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ಸಕಾರಣವಾದುದು. ಒಂದೆರಡು ವರ್ಷಗಳಲ್ಲಿ ಗುಜರಿಗೆ ಹೋಗುವ ಗಾಡಿಗೆ ಸ್ಟೀಲು ಬೇಕಿಲ್ಲ. ಕಂಪನಿಯ ಮೂಲ ಮಾದರಿಯ ಸಾಮಾನ್ಯ ಸೈಲೆನ್ಸರ್ ಸಾಕು, ಅದೂ ಸದ್ದು ಅಡಗಿಸುತ್ತದೆ. ಇನ್ನೂ ಬಹುಕಾಲ ದುಡಿಯಬೇಕಾದ ಗಾಡಿಯ ಲೆಕ್ಕ ಬೇರೆ. ಮತ್ತೆ ಮತ್ತೆ ಹಾಕಿಸುವ ತೇಪೆಯ ಕೂಲಿ, ಹುಬ್ಬಳ್ಳಿಗೆ ಹೋಗಿಬರುವ ಡೀಸೆಲು, ಗಾಡಿ ನಿಂತ ದಿನದ ಬಾಡಿಗೆ ನಷ್ಟ, ಇವನ್ನೆಲ್ಲ ಕೂಡಿಸಿದರೆ ಅಗ್ಗದ್ದು ಅಗ್ಗವಾಗಿ ಉಳಿಯುವುದಿಲ್ಲ. ದಿನವಿಡೀ ಆ ಸದ್ದಿನ ಮೇಲೆಯೇ ಕುಳಿತು ದುಡಿಯುವ ಚಾಲಕನ ಕಿವಿಗೆ ಮಾತ್ರ ಯಾವ ಗ್ಯಾರೇಜಿನಲ್ಲೂ ಬಿಡಿಭಾಗ ಸಿಗುವುದಿಲ್ಲ.

ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರಂತಹ ಗಾಯಕರು ಬಾಳಿದ ಅವಳಿ ನಗರವಿದು. ಆಲಿಸುವ ಸಂಸ್ಕಾರ ಇಲ್ಲಿನ ಮಣ್ಣಿನಲ್ಲಿದೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದಿಂದ ಕಾಡಿನ ಶಾಂತಿ ಕೆಡುತ್ತದೆಂದು ವಾದಿಸುವವರು ತಮ್ಮ ಊರಿನ ಗಾಡಿಗಳ ವಿಷಯದಲ್ಲೂ ಅದೇ ನಿಷ್ಠೆ ತೋರಿದರೆ ಆ ವಾದಕ್ಕೆ ತೂಕ ಬರುತ್ತದೆ. ಗ್ರಾಮಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಹತ್ತು ಮಾಲೀಕರು ಕೂಡಿ ಒಟ್ಟಿಗೆ ಕೊಂಡರೆ ದರದಲ್ಲಿ ಚೌಕಾಸಿ ಸಾಧ್ಯ. ಸಹಕಾರಿ ಸಂಘಗಳು ಇಂತಹ ಖರೀದಿಗೆ ಚಿಕ್ಕ ಕಂತಿನ ಸಾಲ ಕೊಡಬಹುದು. ವಿದ್ಯಾರ್ಥಿಗಳು ವಾರವೊಂದರ ಕಾಲ ರಾತ್ರಿ 10ರ ನಂತರ ಎಚ್ಚರಗೊಳಿಸಿದ ಗಾಡಿಗಳ ಸಂಖ್ಯೆಯನ್ನು ಬರೆದಿಟ್ಟು ಸಭೆಯ ಮುಂದಿಡಬಹುದು. ಯಾರ ಹೆಸರನ್ನೂ ಹೇಳುವ ಅಗತ್ಯವಿಲ್ಲ. ಯಾವ ಗಾಡಿ ಯಾರದೆಂಬುದು ಸದ್ದಿನಿಂದಲೇ ಊರಿಗೆಲ್ಲ ಗೊತ್ತಿರುತ್ತದೆ.