ಬಣ್ಣ ಹೊಡೆಯೋ ಮುಂಚೆ ಬೆಸುಗೆ ತೋರಿಸಿ



ಕಾರಿನ ತಗಡು, ಬೆಸುಗೆ, ಬಣ್ಣ ಇದೆಲ್ಲ ನಮಗೇಕೆ ಅಂತ ಹಾಸ್ಟೆಲಿನ ಗೆಳೆಯರು ಕೇಳಬಹುದು. ನಮ್ಮಲ್ಲಿ ಯಾರ ಮನೆ ಮುಂದೆ ಕಾರು ನಿಂತಿದೆ? ನಿಂತಿಲ್ಲ, ನಿಜ. ಆದರೆ ಮಾಲೀಕನ ಕಾರಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿ ತಗಡು ಕತ್ತರಿಸೋನು ಯಾರು? ಪಿಯುಸಿಯಲ್ಲಿ ಒಂದು ಸಬ್ಜೆಕ್ಟು ಹೋಗಿ ಹಾಸ್ಟೆಲು ಬಿಟ್ಟನಲ್ಲ, ಅವನು. ಸಾಲ ಮಾಡಿ ಮೂರನೇ ಕೈಯ ಕಾರು ಕೊಂಡು ಬಾಡಿಗೆಗೆ ಓಡಿಸೋನು ಯಾರು? ಅವನ ಅಣ್ಣ. ಹಬ್ಬಕ್ಕೆ ಊರಿಗೆ ಹೋಗುವಾಗ ಅದೇ ಕಾರಿನಲ್ಲಿ ಏಳು ಜನ ಇಕ್ಕಟ್ಟಾಗಿ ಕೂರೋರು ನಾವು. ಆದ್ದರಿಂದ ಈ ಮಾತು ನಮ್ಮದೇ.

ನಾವು ಹೇಳಬೇಕಾದ್ದು ಇಷ್ಟು. ಪೆಟ್ಟು ತಿಂದ ಪ್ಯಾನೆಲ್ ಕಿತ್ತು ಹೊಸದನ್ನು ಬೆಸೆಯೋದು ಕುಶಲ ವಿದ್ಯೆ. ಆ ವಿದ್ಯೆ ಪೂರ್ತಿ ಬಣ್ಣದ ಕೆಳಗೆ ಮುಚ್ಚಿಹೋಗುತ್ತೆ. ದುಡ್ಡು ಕೊಡೋನು ನೋಡೋದು ಬಣ್ಣದ ಹೊಳಪನ್ನ. ಹೊಳಪು ಚೆನ್ನಾಗಿದ್ದರೆ ಶಹಭಾಸ್, ಒಳಗೆ ಬೆಸುಗೆ ಇದೆಯೋ ಪುಟ್ಟಿ ಇದೆಯೋ ಕೇಳೋರಿಲ್ಲ. ಹೀಗಾಗಿ ನಿಯತ್ತಿನ ಕೆಲಸಗಾರನಿಗೂ ಮೋಸಗಾರನಿಗೂ ಒಂದೇ ಕೂಲಿ. ಈ ರೂಢಿ ಮುರಿಯಬೇಕು. ಬಣ್ಣಕ್ಕೆ ಮುಂಚೆ ಬೆಸುಗೆಯನ್ನು ತೋರಿಸಲೇಬೇಕು ಅನ್ನೋ ನಿಯಮ ಪ್ರತಿ ಗ್ಯಾರೇಜಿನಲ್ಲೂ ಬರಬೇಕು.

ಯಾಕೆ ಇಷ್ಟು ಒತ್ತಿ ಹೇಳ್ತೀವಿ ಅಂದರೆ, ಕಾರಿನಲ್ಲಿ ತಗಡು ಬರೀ ಹೊದಿಕೆಯಲ್ಲ. ಲಾರಿಗೆ ಕೆಳಗೆ ಚಾಸಿ ಇರುತ್ತೆ. ದಪ್ಪ ಉಕ್ಕಿನ ತೊಲೆಗಳು, ಅವುಗಳ ಮೇಲೆ ಬಾಡಿ. ಇವತ್ತಿನ ಬಹುಪಾಲು ಕಾರುಗಳಿಗೆ ಅಂಥ ಚಾಸಿ ಇಲ್ಲ. ಬಾಡಿಯೇ ಅದರ ಎಲುಬು. ಹೊರಗಿನ ತಗಡು ಸುಮಾರು 0.7 ಮಿಲಿಮೀಟರ್ ಮಾತ್ರ. ಇಷ್ಟು ತೆಳುವಿನದು ಭಾರ ಹೊರೋದು ಹೇಗೆ? ಮಡಚಿ, ಪೆಟ್ಟಿಗೆ ಮಾಡಿ, ಅಂಚಿಗೆ ಅಂಚು ಬೆಸೆದಿರೋದರಿಂದ. ರಟ್ಟಿನ ಹಾಳೆ ಬಾಗುತ್ತೆ, ಅದೇ ರಟ್ಟಿನ ಡಬ್ಬ ಬಾಗಲ್ಲ. ಡಬ್ಬದ ಅಂಚು ಬಿಟ್ಟುಕೊಂಡರೆ ಮತ್ತೆ ಅದು ಹಾಳೆಯೇ. ಕಾರ್ಖಾನೆಯಲ್ಲಿ ಈ ಅಂಚುಗಳನ್ನು ತಾಮ್ರದ ಎರಡು ತುದಿಗಳ ನಡುವೆ ಒತ್ತಿಹಿಡಿದು, ಕರೆಂಟು ಹಾಯಿಸಿ ಚುಕ್ಕಿ ಚುಕ್ಕಿಯಾಗಿ ಬೆಸೀತಾರೆ. ಒಂದು ಕಾರಿಗೆ ಇಂಥ ಸಾವಿರಾರು ಚುಕ್ಕಿ.

ಬಾನೆಟ್, ಬಾಗಿಲು, ಮುಂದಿನ ಮಡ್‌ಗಾರ್ಡು ಸಾಮಾನ್ಯವಾಗಿ ಬೋಲ್ಟಿನವು. ಬಿಚ್ಚಿ ಹೊಸದು ಹಾಕಿದರೆ ಮುಗೀತು. ರೂಫು, ಹಿಂದಿನ ಚಕ್ರದ ಮೇಲಿನ ಪ್ಯಾನೆಲ್, ಬಾಗಿಲ ಕಂಬ, ಬಾಗಿಲ ಕೆಳಗೆ ಉದ್ದಕ್ಕೂ ಹೋಗೋ ಸಿಲ್ ಇವು ಬೆಸೆದವು. ನಮ್ಮ ಮಾತು ಇವುಗಳದ್ದು.

ಬೆಸುಗೆ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ನಡೆದ ಒಂದು ಮೊಕದ್ದಮೆ ನೋಡಿ. 2010ರ ಮಾಡೆಲಿನ ಹೋಂಡಾ ಫಿಟ್ ಕಾರು. ನಮ್ಮಲ್ಲಿ ಜಾಜ್ ಅಂತ ಮಾರಿದ್ದು ಇದೇ ಜಾತಿಯ ಕಾರನ್ನ. ಆಲಿಕಲ್ಲು ಮಳೆಗೆ ಅದರ ರೂಫು ಜಜ್ಜಿಹೋಗಿತ್ತು. ಡಲ್ಲಾಸಿನ ಒಂದು ದೊಡ್ಡ ಬಾಡಿ ಶಾಪಿನವರು ಹೊಸ ರೂಫು ಕೂರಿಸಿದರು. ಕಂಪನಿಯ ಪುಸ್ತಕ ಬೆಸೀಬೇಕು ಅಂತ ಹೇಳಿತ್ತು. ಇವರು ಅಂಟು ಹಾಕಿದರು. ಮೇಲೆ ಬಣ್ಣ ಬಂತು, ಯಾರ ಕಣ್ಣಿಗೂ ಕಾಣಲಿಲ್ಲ. ಆ ಕಾರನ್ನು 2013ರಲ್ಲಿ ಸೆಕೆಂಡ್ ಹ್ಯಾಂಡಾಗಿ ಕೊಂಡ ಗಂಡಹೆಂಡಿರಿಗೆ ರೂಫು ಬದಲಾದ ಸುದ್ದಿಯೇ ಗೊತ್ತಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಅಪಘಾತ. ರೂಫಿನ ಅಂಟು ಕಿತ್ತುಬಂತು, ಬಾಡಿ ಕುಸಿಯಿತು, ಬೆಂಕಿ ಹತ್ತಿತು. ಇಬ್ಬರೂ ಬದುಕಿದರು, ಆದರೆ ಒಳಗೆ ಸಿಕ್ಕಿಕೊಂಡ ಗಂಡನ ಮೈ ಸುಟ್ಟುಹೋಯಿತು. 2017ರ ಅಕ್ಟೋಬರಿನಲ್ಲಿ ಅಲ್ಲಿನ ಜ್ಯೂರಿ ನಷ್ಟವನ್ನು 4 ಕೋಟಿ 20 ಲಕ್ಷ ಡಾಲರ್ ಅಂತ ಲೆಕ್ಕಹಾಕಿ, ಅದರ ಮುಕ್ಕಾಲು ಪಾಲನ್ನು ಬಾಡಿ ಶಾಪಿನ ತಲೆಗೆ ಕಟ್ಟಿತು.

ಅಂಟು ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಹೊಸ ಕಾರುಗಳಲ್ಲಿ ಕಾರ್ಖಾನೆಯವರೇ ಕೆಲವು ಕಡೆ ಅಂಟು ಹಾಕ್ತಾರೆ. ಬೆಸೀಬೇಕಾದ ಕಡೆ ಬೆಸೆಯದೆ ಅಂಟಿಸಿದ್ದು ತಪ್ಪು. ಆ ತಪ್ಪಿಗೆ ಮೈ ಸುಟ್ಟುಕೊಂಡವರು ಮಾಡಿಸಿದವರೂ ಅಲ್ಲ, ಮಾಡಿದವರೂ ಅಲ್ಲ. ಆಮೇಲೆ ಕೊಂಡವರು. ನಮ್ಮೂರಲ್ಲಿ ಆಮೇಲೆ ಕೊಳ್ಳೋರು ಯಾರು ಅಂತ ಮೇಲೇ ಹೇಳಿದ್ದೀವಿ.

ಈಗ ಒಳ್ಳೇ ಮೇಸ್ತ್ರಿ ಹೇಗೆ ಮಾಡ್ತಾನೆ ನೋಡಿ. ಹಿಂದಿನಿಂದ ಲಾರಿ ಗುದ್ದಿ, ಹಿಂಚಕ್ರದ ಮೇಲಿನ ಪ್ಯಾನೆಲ್ ಮುದುಡಿದೆ ಅನ್ನಿ. ಅವನು ಬಂದಕೂಡಲೆ ಕತ್ತರಿಸಲ್ಲ. ಅಳೀತಾನೆ. ಡಿಕ್ಕಿಯ ಬಾಯಿಗೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡೂ ಕರ್ಣ ಸಮ ಬರುತ್ತಾ ನೋಡ್ತಾನೆ. ಬರದಿದ್ದರೆ ಒಳಗಿನ ಎಲುಬೇ ಸೊಟ್ಟಗಾಗಿದೆ ಅಂತ ಲೆಕ್ಕ. ಅದನ್ನು ಎಳೆದು ಸರಿಮಾಡೋದು ಮೊದಲ ಕೆಲಸ. ಸೊಟ್ಟ ಎಲುಬಿಗೆ ಹೊಸ ಚರ್ಮ ಹೊಲಿದರೆ ಏನು ಬಂತು? ಆಮೇಲೆ ಬ್ಯಾಟರಿ ವೈರು ತೆಗೀತಾನೆ. ಸೀಟು, ಕಾರ್ಪೆಟ್ಟು, ರೆಕ್ಸಿನ್ನು ಎಲ್ಲ ಹೊರಗೆ. ಪೆಟ್ರೋಲ್ ಟ್ಯಾಂಕು, ಪೈಪು ಹತ್ತಿರ ಇದ್ದರೆ ಬಿಚ್ಚಿ ದೂರ ಇಡ್ತಾನೆ. ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರು ಇಲ್ಲದೆ ಕೈ ಹಚ್ಚಲ್ಲ.

ಬಣ್ಣ ಉಜ್ಜಿ ಕಾರ್ಖಾನೆಯ ಚುಕ್ಕಿಗಳನ್ನು ಹುಡುಕಿ, ಒಂದೊಂದನ್ನೂ ಡ್ರಿಲ್ಲಿನಲ್ಲಿ ಕೊರೀತಾನೆ. ಇಲ್ಲಿದೆ ನೋಡಿ ಕೈಯ ವಿದ್ಯೆ. ಮೇಲಿನ ತಗಡು ಮಾತ್ರ ತೂತಾಗಬೇಕು, ಕೆಳಗಿನದು ಉಳೀಬೇಕು. ಡ್ರಿಲ್ಲಿನ ಸದ್ದು ಬದಲಾದದ್ದು ಕಿವಿಗೆ ಗೊತ್ತಾಗಬೇಕು, ಕೈ ಅಲ್ಲೇ ನಿಲ್ಲಬೇಕು. ಅವಸರದವನು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಕೀಳ್ತಾನೆ. ಒಳಗಿನ ಅಂಚು ಹರಿದುಹೋಗುತ್ತೆ. ಮುಂದೆ ಬೆಸುಗೆ ಹಿಡಿಯೋಕೆ ಗಟ್ಟಿ ತಗಡೇ ಇರಲ್ಲ.

ಹೊಸ ಪ್ಯಾನೆಲ್ಲಿನ ಅಂಚಿಗೆ, ಹಳೇ ಚುಕ್ಕಿ ಎಷ್ಟಿದ್ದವೋ ಅದಕ್ಕೆ ಕಮ್ಮಿಯಿಲ್ಲದಂತೆ ತೂತು ಹಾಕ್ತಾನೆ. ಬೆಸೆಯೋ ಜಾಗವನ್ನು ಬರೀ ಲೋಹ ಕಾಣೋ ತನಕ ಉಜ್ಜಿ, ಆಮೇಲೆ ಕೈಗೆ ಸಿಗದ ಒಳಮೈಗೆ ಸತುವಿನ ಪ್ರೈಮರ್ ಬಳೀತಾನೆ. ಕ್ಲಾಂಪು ಬಿಗಿದು ಬಾಗಿಲು ಹಾಕಿ ತೆಗೆದು, ಡಿಕ್ಕಿ ಮುಚ್ಚಿ ತೆಗೆದು ಸಂದು ನೋಡ್ತಾನೆ. ಮೇಲೆ ಅಗಲ ಕೆಳಗೆ ಸಣ್ಣ ಇದ್ದರೆ ಬಿಚ್ಚಿ ಮತ್ತೆ ಕೂರಿಸ್ತಾನೆ. ಸರಿಹೋಗೋ ತನಕ ಬೆಂಕಿಯ ಮಾತಿಲ್ಲ. ಅರ್ಧ ಕೆಲಸ ಮುಗಿದರೂ ಒಂದು ಕಿಡಿ ಹಾರಿರಲ್ಲ! ಇದನ್ನ ನೋಡಿ ಮಾಲೀಕ ಅಂತಾನೆ, “ಬೆಳಿಗ್ಗೆಯಿಂದ ಏನೂ ಮಾಡಿಲ್ವಲ್ಲೋ.”

ಇನ್ನು ಬೆಸುಗೆ. ಆ ತೂತುಗಳೊಳಗೆ ಲೋಹ ತುಂಬಿ ಎರಡೂ ತಗಡು ಒಂದಾಗಬೇಕು. ಮೇಲೆ ಗುಬುಟು ಕೂತು ಕೆಳಗೆ ಹಿಡಿಯದಿದ್ದರೆ ಅದು ಬೆಸುಗೆಯಲ್ಲ, ವೇಷ. ಅಂಚಿಗೆ ಅಂಚು ಕೂಡಿಸೋ ಉದ್ದನೆ ಜಾಗದಲ್ಲಿ ಇಲ್ಲೊಂದು ಚುಕ್ಕಿ, ಗೇಣು ದೂರದಲ್ಲಿ ಇನ್ನೊಂದು, ಆಮೇಲೆ ನಡುವೆ ಒಂದು. ಕಾಯಬೇಕು, ತಣ್ಣಗಾಗಬೇಕು, ಮತ್ತೆ ಇಡಬೇಕು. ಒಂದೇ ಸಮ ಎಳೆದುಬಿಟ್ಟರೆ ಕಾದ ತಗಡು ಹಿಗ್ಗಿ, ತಣಿಯುವಾಗ ಕುಗ್ಗಿ, ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸುರುಟುತ್ತೆ. ಅಂಬಾಸಿಡರಿನ ಕಾಲದಲ್ಲಿ ಗ್ಯಾಸಿನ ಬೆಂಕಿಯಲ್ಲೇ ಎಲ್ಲ ನಡೀತಿತ್ತು. ಆ ಕಾರು 2014ರಲ್ಲಿ ನಿಂತಿತು. ಆಕ್ಸಿಜನ್ ಅಸಿಟಿಲೀನ್ ಜ್ವಾಲೆ 3,000 ಡಿಗ್ರಿ ದಾಟುತ್ತೆ. ಅಗಲ ಜಾಗ ಕಾಯಿಸುತ್ತೆ. ಇವತ್ತಿನ ತೆಳು ತಗಡಿಗೆ ಸಣ್ಣ ತಂತಿಯ ಸಿಓಟು ವೆಲ್ಡಿಂಗೇ ಸರಿ. ಕಡೆಗೆ ಗ್ರೈಂಡರ್. ಅದನ್ನೂ ಜಾಸ್ತಿ ಒತ್ತಿದರೆ ತಗಡೇ ಸವೆದು ಕಾಗದವಾಗುತ್ತೆ. ಬೆಸುಗೆಯ ಹಿಂಬದಿಯಲ್ಲಿ ಬಣ್ಣ ಸುಟ್ಟಿರುತ್ತೆ, ತುಕ್ಕು ಹುಟ್ಟೋದು ಅಲ್ಲೇ. ಆದ್ದರಿಂದ ಒಳಗೂ ಪ್ರೈಮರ್, ಮೇಣ ಹೋಗಬೇಕು. ಮಂಗಳೂರು ಕಾರವಾರದ ಉಪ್ಪುಗಾಳಿಯಲ್ಲಿ ಇದನ್ನು ಬಿಟ್ಟವನ ಕೆಲಸ ಬಾಳಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ದಾರಿ ಇದೆ. ತುಕ್ಕು ತಿಂದ ಸಿಲ್‌ನ ಮೇಲೆಯೇ ಹೊಸ ತಗಡು ಇಟ್ಟು ನಾಲ್ಕು ಕಡೆ ಮುಟ್ಟಿಸಿ, ಸಂದಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಯೋದು. ಒಂದು ದಿನದಲ್ಲಿ ಮುಗೀತು. ಸಂಜೆ ಎರಡು ಕಾರನ್ನೂ ಪಕ್ಕಪಕ್ಕ ನಿಲ್ಲಿಸಿ. ವ್ಯತ್ಯಾಸ ಹೇಳಿ ನೋಡೋಣ? ಹೇಳೋಕೆ ಆಗಲ್ಲ. ಅದಕ್ಕೇ ಬಣ್ಣಕ್ಕೆ ಮುಂಚೆ ಅಂತ ನಾವು ಹಟ ಹಿಡಿದಿರೋದು.

ಕುಶಲತೆ ಅಂದರೆ ಕಂಡದ್ದಕ್ಕೆಲ್ಲ ಬೆಸುಗೆ ಹಾಕೋದೂ ಅಲ್ಲ. ಹೊಸ ಕಾರುಗಳ ನಡುಗಂಬದಲ್ಲಿ ಹಲವು ಕಂಪನಿಗಳು ಕಾಯಿಸಿ ಅಚ್ಚೊತ್ತಿ ಥಟ್ಟನೆ ತಣಿಸಿದ ಬೋರಾನ್ ಉಕ್ಕು ಹಾಕ್ತಾರೆ. ಮಾಮೂಲಿ ತಗಡಿಗಿಂತ ಹಲವು ಪಟ್ಟು ಗಟ್ಟಿ. ಬೆಂಕಿ ತಾಗಿದ ಜಾಗದಲ್ಲಿ ಆ ಗಟ್ಟಿತನ ಹೊರಟುಹೋಗುತ್ತೆ. ಎಲ್ಲಿ ಕತ್ತರಿಸಬಹುದು, ಎಲ್ಲಿ ಕೂಡದು ಅನ್ನೋದು ಕಂಪನಿಯ ರಿಪೇರಿ ಪುಸ್ತಕದಲ್ಲಿರುತ್ತೆ. ಆ ಪುಸ್ತಕ ಶಿವಾಜಿನಗರದ ಗಲ್ಲಿಯ ಮೇಸ್ತ್ರಿಯ ಕೈಗೆ ಬರುತ್ತಾ? 2014ರಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ, ರಿಪೇರಿ ಮಾಹಿತಿಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಮ್ಮವರಲ್ಲೇ ಇಟ್ಟುಕೊಂಡಿದ್ದಾರೆ ಅನ್ನೋದು ಆಪಾದನೆಯ ತಿರುಳು. ಕಂಪನಿಗಳು ಮೇಲ್ಮನವಿಗೆ ಹೋದವು, ಕೆಲವರ ದಂಡ ಇಳಿಯಿತು. ಅದೇನೇ ಇರಲಿ, ಓದು ಬಚ್ಚಿಟ್ಟರೆ ಏನಾಗುತ್ತೆ ಅನ್ನೋದನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕ ಕೊಡದೆ, ಆಮೇಲೆ “ರಸ್ತೆ ಬದಿಯೋರಿಗೆ ಏನು ಗೊತ್ತು” ಅಂತ ಆಡಿಕೊಳ್ಳೋದು ಯಾವ ನ್ಯಾಯ?

ಕೂಲಿಯ ವಿಷಯಕ್ಕೆ ಬರೋಣ. 2002ರ ಮೋಟಾರು ವಿಮಾ ದರಪಟ್ಟಿಯಲ್ಲಿ ಒಂದು ಲೆಕ್ಕವಿದೆ. ಕಾರಿಗೆ ವಯಸ್ಸಾದಂತೆ ಬದಲಾಯಿಸಿದ ಲೋಹದ ಭಾಗಕ್ಕೆ ಸವಕಳಿ ಕಳೀತಾರೆ. 5ರಿಂದ 10 ವರ್ಷದ ಕಾರಿಗೆ ನೂರಕ್ಕೆ 40, 10 ವರ್ಷ ದಾಟಿದರೆ 50. ರಬ್ಬರು, ಪ್ಲಾಸ್ಟಿಕ್ಕಿಗೆ ವಯಸ್ಸೇ ನೋಡದೆ 50. ಆದರೆ ಬೆಸೆಯೋ ಕೂಲಿಗೆ ಸವಕಳಿ ಇಲ್ಲ! ತಗಡು ಸವೆಯುತ್ತೆ, ಕೈಕಸುಬು ಸವೆಯಲ್ಲ ಅಂತ ವಿಮೆಯ ಕಾಗದವೇ ಒಪ್ಪಿದೆ. ಹಾಗಿದ್ದ ಮೇಲೆ ಬಿಲ್ಲಿನಲ್ಲಿ ಬರೆದ ಕೂಲಿಯಲ್ಲಿ ಬೆಸೆದವನ ಜೇಬಿಗೆ ಎಷ್ಟು ಹೋಯಿತು ಅಂತ ಕೇಳೋ ಹಕ್ಕು ಅವನಿಗಿದೆ. ಹೆಲ್ಪರ್ ಹುಡುಗನಿಗೆ “ಕೆಲಸ ಕಲೀತಿದ್ದೀಯ, ದುಡ್ಡೇಕೆ” ಅನ್ನೋರಿಗೆ 1961ರ ಅಪ್ರೆಂಟಿಸ್ ಕಾಯಿದೆ ತೋರಿಸಬೇಕು. ಕಲಿಯೋನಿಗೂ ಸ್ಟೈಪೆಂಡ್ ಉಂಟು ಅಂತ ಕಾನೂನೇ ಹೇಳುತ್ತೆ.

ಅವನ ಮೈಯ ಲೆಕ್ಕವೂ ಇದೆ. ಬೆಸುಗೆಯ ಬೆಳಕನ್ನು ಬರಿಗಣ್ಣಲ್ಲಿ ನೋಡಿದರೆ ಆಗ ಏನೂ ಆಗಲ್ಲ. ಕೆಲವು ಗಂಟೆ ಕಳೆದು ಕಣ್ಣಿಗೆ ಮರಳು ಎರಚಿದಂತೆ ಉರಿ ಶುರು. ಸತುವು ಲೇಪಿಸಿದ ತಗಡು ಬೆಸೆದರೆ ಬಿಳಿ ಹೊಗೆ ಏಳುತ್ತೆ. ಅದನ್ನು ಕುಡಿದವನಿಗೆ ರಾತ್ರಿ ಚಳಿಜ್ವರ. ಹಾಲು ಕುಡಿದರೆ ಸರಿಹೋಗುತ್ತೆ ಅಂತ ಗ್ಯಾರೇಜುಗಳಲ್ಲಿ ನಂಬಿಕೆ. ಹೊಗೆ ಹೋಗೋದು ಶ್ವಾಸಕೋಶಕ್ಕೆ, ಹಾಲು ಹೋಗೋದು ಹೊಟ್ಟೆಗೆ. ಬೇಕಾದ್ದು ಗಾಳಿ, ಲೇಪನ ಉಜ್ಜಿ ತೆಗೆಯೋದು, ಸರಿಯಾದ ಮುಖವಾಡ. ಒಂದು ಲೋಟ ಹಾಲಿನಲ್ಲಿ ಮಾಲೀಕ ಇದರಿಂದ ತಪ್ಪಿಸಿಕೊಳ್ಳೋಕೆ ಬಿಡಬಾರದು.

“ಕಪ್ಪು ಗಾಜಿನ ಕೆಲಸ ನಮಗೆ ಬೇಡ, ನಾವು ಡಿಗ್ರಿ ಓದೋರು” ಅಂತ ಹಾಸ್ಟೆಲಿನಲ್ಲಿ ಕೆಲವರು ಅಂತಾರೆ. ಓದಿ, ಬೇಡ ಅಂದವರಾರು? ಆದರೆ ಡ್ರಿಲ್ಲಿನ ಸದ್ದಿನಲ್ಲಿ ಅರ್ಧ ಮಿಲಿಮೀಟರ್ ಗುರುತಿಸೋನನ್ನು ದಡ್ಡ ಅನ್ನೋ ಬಾಯಿ ಯಾರ ಮನೆಯಿಂದ ಬಂದದ್ದು? ನಮ್ಮದಂತೂ ಅಲ್ಲ. ಐಟಿಐಯಲ್ಲಿ ವೆಲ್ಡರ್ ಟ್ರೇಡು ಒಂದು ವರ್ಷದ್ದು. ಸೇರಿದವರು ಸುಮ್ಮನಿರಬೇಡಿ. ಬರೀ ದಪ್ಪ ಪಟ್ಟಿ ಬೆಸೆದು ಸರ್ಟಿಫಿಕೇಟು ತಗೊಂಡರೆ ಕಾರಿನ ತೆಳು ತಗಡು ಮೊದಲ ದಿನವೇ ತೂತು ಬೀಳುತ್ತೆ. ತೆಳು ತಗಡು ಕೊಡಿ, ಬೆಸೆದದ್ದನ್ನು ಸಿಗಿದು ತೋರಿಸಿ ಅಂತ ಕೇಳಿ. ಇಂಗ್ಲಿಷು ಬಲ್ಲವರು ಈ ವಿದ್ಯೆಯನ್ನು ಕನ್ನಡದಲ್ಲಿ ಬರೆದುಕೊಡಿ. ನಾವು ಅಚ್ಚು ಹಾಕ್ತೀವಿ.

ಕಾರು ಓಡಿಸೋ ಅಣ್ಣಂದಿರಿಗೆ ಇಷ್ಟು ಹೇಳಿ. ಬಣ್ಣದ ಹಿಂದಿನ ದಿನ ಗ್ಯಾರೇಜಿಗೆ ಹೋಗಿ. ಹಳೇ ತುಕ್ಕು ಕತ್ತರಿಸಿ ತೆಗೆದಿದ್ದಾರಾ, ಚುಕ್ಕಿಗಳು ಎಷ್ಟಿವೆ, ಬಾಗಿಲ ಸಂದು ಸಮ ಇದೆಯಾ, ಸಿಲ್ ಅಡಿಯ ನೀರು ಹೋಗೋ ತೂತು ಮುಚ್ಚಿಲ್ಲವಾ ನೋಡಿ. ಫೋನಿನಲ್ಲಿ ಫೋಟೋ ತೆಗೆದಿಡಿ, ಬೆಸೆದವನ ಹೆಸರು ಬರೆದಿಡಿ. ಹಳೇ ಕಾರು ಕೊಳ್ಳೋಕೆ ಹೋಗುವಾಗ ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇರಲಿ. ಬಟ್ಟೆ ಸುತ್ತಿ ಉಕ್ಕಿನ ಬಾಡಿ ಮೇಲೆ ಆಡಿಸಿದರೆ ದಪ್ಪ ಪುಟ್ಟಿ ಇರೋ ಕಡೆ ಅದು ಹಿಡಿಯಲ್ಲ. ಬದಲಾಯಿಸಿದ ಪ್ಯಾನೆಲ್ಲಿನ ಫೋಟೋ ಕೇಳಿ. ಇಲ್ಲ ಅಂದರೆ ಬೆಲೆ ಇಳಿಸೋಕೆ ಚೌಕಾಸಿಗೆ ಕೂರಬೇಡಿ, ಮುಂದಿನ ಕಾರು ನೋಡಿ.