ಮರೆವೇ ಮಂಗಳವೆ?

‘ಸ್ಮಾಲ್‌ವಿಲ್’ ಎಂಬ ಅಮೆರಿಕದ ದೂರದರ್ಶನ ನಾಟಕವು 2001ನೆಯ ಇಸವಿ ಅಕ್ಟೋಬರ್ ತಿಂಗಳಿನಲ್ಲಿ ಮೊದಲಾಗಿ, ಹತ್ತು ಸೀಸನ್‌ಗಳಲ್ಲಿ 200ಕ್ಕೂ ಮಿಕ್ಕ ಕಂತುಗಳಾಗಿ ನಡೆದು, 2011ನೆಯ ಇಸವಿ ಮೇ 13ರಂದು ಮುಕ್ತಾಯವಾಯಿತು. ಲೋಕಪ್ರಸಿದ್ಧನಾದ ಸೂಪರ್‌ಮ್ಯಾನನು ವೀರನೆನಿಸಿಕೊಳ್ಳುವುದಕ್ಕೆ ಮೊದಲು, ಕಾನ್ಸಾಸ್ ಸೀಮೆಯ ಸಣ್ಣ ಊರೊಂದರಲ್ಲಿ ಕ್ಲಾರ್ಕ್ ಕೆಂಟ್ ಎಂಬ ರೈತನ ಮಗನಾಗಿ ಬೆಳೆದ ಬಗೆಯೇ ಇದರ ವಸ್ತು. ಇದರ ಕಡೆಯ ಸೀಸನ್ನನ್ನು ಕುರಿತು ರಸಿಕರಲ್ಲಿ ಎರಡು ಪಕ್ಷಗಳುಂಟು. ಹತ್ತು ವರ್ಷ ಕಾದ ನೀಲಿ ಕೆಂಪಿನ ಉಡುಪನ್ನು ಕಡೆಗೂ ನಾಯಕನ ಮೈಮೇಲೆ ಹತ್ತಿರದಿಂದ ಪೂರ್ಣವಾಗಿ ತೋರಿಸಲಿಲ್ಲವೆಂದು ಒಂದು ಪಕ್ಷವು ದೂರುತ್ತದೆ. ಅದು ಕಲೆಯ ಸಂಯಮವೆಂದು ಮತ್ತೊಂದು ಪಕ್ಷವು ಕೊಂಡಾಡುತ್ತದೆ. ಇಬ್ಬರೂ ಬಟ್ಟೆಯ ಮಾತಿನಲ್ಲಿ ಮಗ್ನರಾಗಿ, ನಾಟಕದ ಪ್ರಾಣವು ಹೋದ ಸ್ಥಳವನ್ನು ಕಾಣದೆ ಹೋಗಿರುವರೆಂಬುದು ನಮ್ಮ ವಾದ.

ಉಡುಪಿನ ವ್ಯಾಜ್ಯವನ್ನು ಎರಡು ಮಾತಿನಲ್ಲಿ ಮುಗಿಸಬಹುದು. ನಾಟಕವನ್ನು ಕಲ್ಪಿಸಿದ ಆಲ್‌ಫ್ರೆಡ್ ಗಫ್ ಮತ್ತು ಮೈಲ್ಸ್ ಮಿಲ್ಲರ್ ಎಂಬವರು, ನಾಯಕನಿಗೆ ವೀರವೇಷವೂ ಇಲ್ಲ, ಹಾರಾಟವೂ ಇಲ್ಲ ಎಂಬ ನಿಯಮವನ್ನು ಮೊದಲೇ ಸಾರಿದ್ದರು. ಆ ನಿಯಮವನ್ನು ಅರಿತು ನೋಡಲು ಕುಳಿತವರು ಕಡೆಯಲ್ಲಿ ಅಂಗಿಯ ಗುಂಡಿ ಬಿಚ್ಚಿ ಎದೆಯ ಲಾಂಛನವನ್ನು ತೋರಿಸಿದಷ್ಟಕ್ಕೇ ತೃಪ್ತರಾಗಬೇಕಾದದ್ದು ನ್ಯಾಯ. ವೇಷವು ಎಂದೂ ಈ ನಾಟಕದ ವಸ್ತುವಾಗಿರಲಿಲ್ಲ.

ಹಾಗಾದರೆ ವಸ್ತು ಯಾವುದು? ಮೊದಲನೆಯ ಕಂತಿನಲ್ಲಿಯೇ ಅದು ಬೀಜರೂಪವಾಗಿ ಬಿದ್ದಿದೆ. ಲೆಕ್ಸ್ ಲೂಥರ್ ಎಂಬ ಸಿರಿವಂತನ ಮಗನು ಅತಿವೇಗದಿಂದ ನಡೆಸುತ್ತಿದ್ದ ಕಾರು ಸೇತುವೆಯ ಮೇಲಿದ್ದ ಕ್ಲಾರ್ಕನಿಗೆ ತಗುಲಿ, ಇಬ್ಬರೂ ಹೊಳೆಗೆ ಬೀಳುವರು. ಸಾಯಬೇಕಾಗಿದ್ದ ಹುಡುಗನು ಸಾಯದೆ, ಕೊಂದಂತಾದವನನ್ನೇ ನೀರಿನಿಂದ ಎತ್ತಿ ಬದುಕಿಸುವನು. ಅಲ್ಲಿಂದ ಸ್ನೇಹ, ಆ ಸ್ನೇಹದೊಡನೆಯೇ, ‘ಇವನು ಹೇಗೆ ಉಳಿದನು?’ ಎಂಬ ಪ್ರಶ್ನೆ. ತಂದೆಯ ಪ್ರೀತಿಯನ್ನು ಕಾಣದ ಲೆಕ್ಸನು ಈ ಗೆಳೆಯನಲ್ಲಿ ನಂಬಿಕೆಯನ್ನು ಅರಸುವನು. ತನ್ನ ಗುಟ್ಟು ಬಯಲಾದರೆ ಮನೆಗೆ ಕೇಡಾದೀತೆಂದು ಹೆದರಿ ಕ್ಲಾರ್ಕನು ಅವನಿಗೆ ಸುಳ್ಳನ್ನೇ ಹೇಳುವನು. ಸುಳ್ಳಿನಿಂದ ಸಂಶಯ, ಸಂಶಯದಿಂದ ಗೂಢಶೋಧನೆ, ಅದರಿಂದ ದ್ವೇಷ. ಲೆಕ್ಸನು ಕಡೆಗೆ ವೈರಿಯಾಗುವನೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆ ವೈರದಲ್ಲಿ ಸಜ್ಜನನಾದ ನಾಯಕನ ಪಾಲೆಷ್ಟು ಎಂಬುದೇ ನೋಟಕರನ್ನು ವರ್ಷಾನುಗಟ್ಟಲೆ ಹಿಡಿದು ಕೂರಿಸಿದ ನೈತಿಕ ಪ್ರಶ್ನೆ.

ಏಳನೆಯ ಸೀಸನ್ ಮುಗಿದ ಮೇಲೆ, 2008ರಲ್ಲಿ, ಕಲ್ಪಕರಿಬ್ಬರೂ ನಾಟಕವನ್ನು ಬಿಟ್ಟರು. ಲೆಕ್ಸನ ಪಾತ್ರಧಾರಿಯಾದ ಮೈಕೇಲ್ ರೋಸೆನ್‌ಬಾಮನೂ ಬಿಟ್ಟನು. ಮುಂದೆ ಬಂದವರು ಆ ಶೂನ್ಯವನ್ನು ಬೇರೆ ಬೇರೆ ಖಳರಿಂದ ತುಂಬಿದರು. ಕಟ್ಟಕಡೆಯ ಕಂತಿಗೆ ಆ ನಟನು ಮರಳಿ ಬಂದಾಗ ನೋಟಕರಿಗಾದ ಹರ್ಷವು ಸಹಜವೇ. ಸುಟ್ಟ ಭವನದಲ್ಲಿ ಹಳೆಯ ಗೆಳೆಯರು ಎದುರುಬದುರಾಗಿ ನಿಂತು, ತಾವು ಒಬ್ಬರಿಗೊಬ್ಬರು ಅನಿವಾರ್ಯರೆಂಬುದನ್ನು ಒಪ್ಪಿಕೊಳ್ಳುವ ಪ್ರಸಂಗವು ಇಡೀ ಸೀಸನ್ನಿನಲ್ಲಿ ಅತ್ಯುತ್ತಮವಾದದ್ದೆಂದು ಹೇಳಲು ನಮಗೆ ಸಂಕೋಚವಿಲ್ಲ. ಆದರೆ ಅದೇ ಕಂತಿನಲ್ಲಿಯೇ ಏನಾಯಿತು? ಲೆಕ್ಸನು ಟೆಸ್ ಎಂಬ ತನ್ನ ಸೋದರಿಯನ್ನು ಇರಿಯುವನು. ಅವಳು ಸಾಯುತ್ತ, ಕ್ಲಾರ್ಕನ ಗುಟ್ಟನ್ನು ಕಾಪಾಡುವುದಕ್ಕಾಗಿ, ನೆನಪನ್ನು ಅಳಿಸುವ ವಿಷವನ್ನು ಅವನ ಮುಖಕ್ಕೆ ಸವರುವಳು. ಅವನಿಗೆ ಸಕಲವೂ ಮರೆತುಹೋಗುವುದು. ಏಳು ವರ್ಷಗಳ ತರುವಾಯ ಅವನು ದೇಶದ ಅಧ್ಯಕ್ಷ ಪದವಿಗೆ ಆಯ್ಕೆಯಾದನೆಂಬ ವಾರ್ತೆ, ನಾಯಕನು ಗಗನಕ್ಕೆ ಏರುವ ನೋಟ, ಮಂಗಳ!

ನಮ್ಮ ನಾಟ್ಯಶಾಸ್ತ್ರಕಾರರು ಐದು ಸಂಧಿಗಳನ್ನು ಹೇಳಿ, ಕಡೆಯದಕ್ಕೆ ನಿರ್ವಹಣವೆಂದು ಹೆಸರಿಟ್ಟರು. ಮೊದಲು ಬಿತ್ತಿದ ಬೀಜವು ಅಲ್ಲಿ ಫಲವಾಗಿ ಕೈಗೆ ಬರಬೇಕು. ಚೆದರಿದ ಅರ್ಥಗಳೆಲ್ಲ ಒಂದೆಡೆ ಕೂಡಬೇಕು. ಇಲ್ಲಿಯೋ, ಬೀಜವನ್ನೇ ಅಗೆದು ಹೊರಗೆಸೆದಿದ್ದಾರೆ. ಮರೆವು ಕಾವ್ಯಕ್ಕೆ ನಿಷಿದ್ಧವೆಂದು ನಾವು ಹೇಳುವುದಿಲ್ಲ. ಕಾಳಿದಾಸನ ದುಷ್ಯಂತನೂ ಶಾಪದಿಂದ ಮರೆತನು. ಆದರೆ ಅಲ್ಲಿ ಮರೆವು ಬಂದದ್ದು ನಾಟಕದ ನಡುವೆ. ಬೆಸ್ತನ ಕೈಗೆ ಸಿಕ್ಕ ಉಂಗುರದಿಂದ ನೆನಪು ಮರಳಿ, ನೆನಪಿನಿಂದ ಪಶ್ಚಾತ್ತಾಪ ಹುಟ್ಟಿ, ಪಶ್ಚಾತ್ತಾಪದಿಂದ ಹೃದಯವು ಶುದ್ಧವಾದ ಮೇಲೆಯೇ ಕವಿಯು ಸಮಾಗಮವನ್ನು ಅನುಗ್ರಹಿಸಿದನು. ‘ಸ್ಮಾಲ್‌ವಿಲ್’ ನಾಟಕಕಾರರು ಶಾಪವನ್ನು ಕಡೆಯಲ್ಲಿ ಕೊಟ್ಟು ಉಂಗುರವನ್ನು ಕೊಡದೆ ತೆರೆ ಎಳೆದರು. ಲೆಕ್ಸನು ತಂದೆಯನ್ನು ಕೊಂದವನು. ಅವನಿಗೆ ಪಶ್ಚಾತ್ತಾಪವಿಲ್ಲ, ಏಕೆಂದರೆ ನೆನಪಿಲ್ಲ. ಕ್ಲಾರ್ಕನು ಗೆಳೆಯನಿಗೆ ಬಹುಕಾಲ ಸುಳ್ಳು ಹೇಳಿದವನು; ಅವನಿಗೆ ಉತ್ತರ ಕೊಡುವ ಹೊಣೆಯಿಲ್ಲ, ಏಕೆಂದರೆ ಕೇಳತಕ್ಕವನಿಗೆ ಪ್ರಶ್ನೆಯೇ ಮರೆತುಹೋಗಿದೆ.

ಈ ಮುಕ್ತಾಯವನ್ನು ಸಮರ್ಥಿಸುವವರು ಹೇಳುವುದಿಷ್ಟು: ಮೂಲದ ಚಿತ್ರಕಥೆಗಳಲ್ಲಿ ಲೂಥರನಿಗೆ ಸೂಪರ್‌ಮ್ಯಾನನ ನಿಜನಾಮವು ಸಾಮಾನ್ಯವಾಗಿ ತಿಳಿಯದು, ಆದಕಾರಣ ಪರಂಪರೆಗೆ ಹೊಂದಿಸಲು ಮರೆಸಲೇಬೇಕಾಯಿತು. ಈ ವಾದವು ಪರಂಪರೆಯ ಅರ್ಧವನ್ನು ಮಾತ್ರ ಹೇಳುತ್ತದೆ. ಸೂಪರ್‌ಮ್ಯಾನನು 1938ರಲ್ಲಿ ಹುಟ್ಟಿದನು. ಲೂಥರನು 1940ರಲ್ಲಿ ಬಂದನು. 1960ರಲ್ಲಿ ಮೂಲಕರ್ತರಲ್ಲಿ ಒಬ್ಬನಾದ ಜೆರ್ರಿ ಸೀಗೆಲನೇ ಬರೆದ ಕಥೆಯೊಂದರಲ್ಲಿ ಲೂಥರನು ಬಾಲ್ಯದಲ್ಲಿ ಅದೇ ಊರಿನಲ್ಲಿ ಬಾಲವೀರನ ಸ್ನೇಹಿತನಾಗಿದ್ದು, ತಪ್ಪು ತಿಳಿವಳಿಕೆಯಿಂದ ಕಡುವೈರಿಯಾಗುವನು. ಅಲ್ಲಿ ರೈತನ ಮಗನ ಗುಟ್ಟು ಅವನಿಗೆ ತಿಳಿಯದು, ನಿಜ. ಆದರೆ ಸ್ನೇಹವನ್ನು ಅವನು ಮರೆಯಲಿಲ್ಲ. ಮರೆಯಲಾರದ್ದರಿಂದಲೇ ವೈರವು ಬೆಳೆಯಿತು. ಹೆಸರೊಂದನ್ನು ಮುಚ್ಚುವುದಕ್ಕಾಗಿ ಬಾಳನ್ನೆಲ್ಲ ಅಳಿಸಬೇಕೆಂದು ಯಾವ ಪರಂಪರೆಯೂ ವಿಧಿಸಿಲ್ಲ.

ಎರಡನೆಯ ಸಮರ್ಥನೆಯು ವ್ಯವಹಾರದ್ದು. ಪಾತ್ರಗಳು ಕವಿಯ ಸ್ವತ್ತಲ್ಲ, ಸಂಸ್ಥೆಯ ಸ್ವತ್ತು. ನಾಳೆ ಮತ್ತೊಬ್ಬರ ಕೈಗೆ ಒಪ್ಪಿಸಬೇಕಾದ ಪಾತ್ರೆಯನ್ನು ತೊಳೆದಿಡುವುದೇ ಮರ್ಯಾದೆಯೆನ್ನುವರು. ಸೀಗೆಲ್ ಮತ್ತು ಜೋ ಶಸ್ಟರ್ ಎಂಬ ತರುಣರು 130 ಡಾಲರುಗಳಿಗೆ ಸೂಪರ್‌ಮ್ಯಾನನ ಹಕ್ಕನ್ನು ಮಾರಿಕೊಂಡಂದಿನಿಂದ ಈ ಮಾತಿನಲ್ಲಿ ಸತ್ಯಾಂಶವುಂಟು. ಆದರೂ ಇದು ಸಾಲದು. ‘ಸ್ಮಾಲ್‌ವಿಲ್’ ಮುಗಿದ ಸಿ. ಡಬ್ಲ್ಯೂ. ಎಂಬ ವಾಹಿನಿಯಲ್ಲಿಯೇ, ಅದೇ ವೀರನನ್ನು ಕುರಿತ ‘ಸೂಪರ್‌ಮ್ಯಾನ್ ಅಂಡ್ ಲೋಯಿಸ್’ ಎಂಬ ನಾಟಕವು 2021ರಲ್ಲಿ ಮೊದಲಾಗಿ 2024ರ ಡಿಸೆಂಬರಿನಲ್ಲಿ ಮುಗಿಯಿತು. ಅದರ ಕಡೆಯ ಸೀಸನ್ನಿನಲ್ಲಿ ನಾಯಕನು ತನ್ನ ಗುಟ್ಟನ್ನು ಲೋಕದ ಮುಂದೆ ತಾನೇ ಬಿಚ್ಚಿಡುವನು. ಕಡೆಯ ಕಂತಿನಲ್ಲಿ, ಹೆಂಡತಿಯು ತೀರಿಕೊಂಡ ಮೇಲೆ, ಮುಪ್ಪಿನಲ್ಲಿ ತಾನೂ ಮಡಿಯುವನು. ಇದರಿಂದ ಸಂಸ್ಥೆಯ ಸ್ವತ್ತಿಗೆ ಯಾವ ಹಾನಿಯೂ ಆಗಲಿಲ್ಲ. 2025ರಲ್ಲಿ ಹೊಸ ಸೂಪರ್‌ಮ್ಯಾನ್ ಚಿತ್ರವು ತೆರೆಗೆ ಬಂದೇ ಬಂದಿತು. ನಿಜವಾದ ಅಂತ್ಯವನ್ನು ಕೊಡುವುದಕ್ಕೆ ಬೇಕಾದದ್ದು ಧೈರ್ಯವೇ ಹೊರತು ಅಪ್ಪಣೆಯೊಂದೇ ಅಲ್ಲ.

ಮಕ್ಕಳ ಮನೋರಂಜನೆಯನ್ನು ಕುರಿತು ಇಷ್ಟು ಗಂಭೀರವಾದ ಚರ್ಚೆಯೇಕೆ ಎಂದು ಕೇಳುವವರಿರಬಹುದು. ಮಕ್ಕಳು ನೋಡುವರೆಂಬುದೇ ನಮ್ಮ ಕಾರಣ. ಹಿಂದೆ ಮನೆಯ ಹಿರಿಯರಿಂದ ಭಾರತ ಕೇಳಿದ ಮಗುವಿಗೆ, ಮಾಡಿದ್ದು ಬೆನ್ನುಬಿಡದೆಂಬ ಅರಿವು ತಾನಾಗಿ ಮೂಡುತ್ತಿತ್ತು. ನಮ್ಮ ರನ್ನನ ಗದಾಯುದ್ಧವನ್ನೇ ನೋಡಿರಿ. ಭಾರತಕಥೆಯ ಕಡೆಯ ಭಾಗವೇ ಅದರ ವಸ್ತು; ಆದರೂ ಕವಿಯು ಹಿಂದಿರುಗಿ ನೋಡುತ್ತ ಕಥೆಯನ್ನೆಲ್ಲ ಅದರೊಳಗೆ ತಂದಿರುವನು. ಸೋತ ದುರ್ಯೋಧನನು ಕಳದಲ್ಲಿ ನಡೆದು, ಗುರುವನ್ನು, ತಮ್ಮನನ್ನು, ಕರ್ಣನನ್ನು ಹೆಣವಾಗಿ ಕಂಡು ಒಬ್ಬೊಬ್ಬರನ್ನೂ ನೆನೆದು ಅಳುವನು. ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯಕ್ಕೂ ಕೈಮುಗಿಯುವನು. ನೆನಪೇ ಆ ಖಳನನ್ನು ಮಹಾನುಭಾವನನ್ನಾಗಿ ಮಾಡಿತು. ಅವನಿಗೆ ಯಾರಾದರೂ ಮರೆವಿನ ಮದ್ದು ಸವರಿದ್ದರೆ ಅಲ್ಲಿ ಉಳಿಯುತ್ತಿದ್ದದ್ದು ಬರಿಯ ಗದೆ.

ನೋಟಕರು ಹತ್ತು ವರ್ಷಗಳ ನೆನಪನ್ನು ಹೊತ್ತು ಆ ರಾತ್ರಿ ಕುಳಿತಿದ್ದರು. ಅವರಲ್ಲಿದ್ದ ನೆನಪು ರಂಗದ ಮೇಲಿನ ಲೆಕ್ಸನಲ್ಲಿ ಇಲ್ಲದೆ ಹೋಯಿತು. ವೀರನು ಆಕಾಶಕ್ಕೆ ಏರಿದುದನ್ನು ನಾವು ಕಂಡೆವು. ಆದರೆ ಅವನು ಸೇತುವೆಯ ಕೆಳಗಿನಿಂದ ಎತ್ತಿ ಬದುಕಿಸಿದ ಗೆಳೆಯನಿಗೆ ಒಂದು ಮಾತಿನ ಲೆಕ್ಕವನ್ನು ಒಪ್ಪಿಸದೆ ಏರಿದನು. ಅದನ್ನು ಮಂಗಳವೆಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.